ಎರಡನೆಯ ಗುಂಡು

ಹತ್ತೊಂಬತ್ತು ವರ್ಷಗಳ ಹಿಂದೆ ಎಲ್ಮರ್ ಕಂಗಸ್ ತನ್ನ ಮಾವನಿಗೆ ಒಂದು ಮಾತು ಕೊಟ್ಟಿದ್ದ. ಹಾಸಿಗೆ ಹಿಡಿದಿದ್ದ ಮುದುಕ ಸುಲೊ ತನ್ನ ಬೇಟೆಯ ರೈಫಲನ್ನು ಅಳಿಯನ ತೊಡೆಯ ಮೇಲಿಟ್ಟು, "ಇದು ಒಂದು ಹೊಡೆದ ಕೂಡ್ಲೇ ಇನ್ನೊಂದನ್ನ ತಾನೇ ತುಂಬ್ಕೊಳ್ಳೋ ಕೋವಿ. ಅದೇ ಇದರ ದೋಷ. ಎರಡನೇದು ಇದೆ ಅಂತ ಗೊತ್ತಿದ್ದೋನು ಮೊದಲನೇದನ್ನ ನೆಟ್ಟಗೆ ಹೊಡೆಯಲ್ಲ. ದಿನಕ್ಕೆ ಒಂದೇ ಗುಂಡು. ಎರಡನೇದು ಹೊಡೆಯಲ್ಲ ಅಂತ ಮಾತು ಕೊಡು. ಯಾರಿಗೂ ಹೇಳ್ಬೇಡ, ನಗ್ತಾರೆ" ಅಂದಿದ್ದ. ಸಾಯುವವನ ಜೊತೆ ಚೌಕಾಸಿ ಮಾಡುವುದು ಹೇಗೆ? ಎಲ್ಮರ್ ಹೂಂ ಅಂದ. ಅಂದಿನಿಂದ ಅವನ ಮನೆಗೆ ಒಂದೇ ಒಂದು ಜಿಂಕೆಯೂ ಬಂದಿರಲಿಲ್ಲ.

ತೋಟಾಗಳನ್ನು ಅವನು ಮನೆಯಲ್ಲೇ ಕಟ್ಟುತ್ತಿದ್ದ. ನೆಲಮಾಳಿಗೆಯ ಮೇಜಿನ ಮೇಲೆ ಹಿತ್ತಾಳೆಯ ಚಿಪ್ಪಿಗೆ ಮದ್ದು ತೂಗಿ ಹಾಕಿ, ಬಾಯಿಗೆ ಗುಂಡು ಕೂರಿಸಿ, ಅಂಚು ಬಿಗಿಯುತ್ತಿದ್ದ. ಗುಂಡಿನ ವಿಷಯದಲ್ಲಂತೂ ಮಹಾ ಮಡಿವಂತ. ತಾನೇ ತುಂಬಿಕೊಳ್ಳುವ ಕೋವಿಗೆ ಗುಂಡಿನ ಮೂಗು ದುಂಡಗಿರಬೇಕು, ತೋಟಾದ ಉದ್ದ ಅವು ಸಾಲಾಗಿ ಕೂರುವ ಮ್ಯಾಗಜೀನಿಗೆ ಹೊಂದಬೇಕು. ಇಲ್ಲದಿದ್ದರೆ ಎರಡನೆಯದು ಒಳಗೆ ಹೋಗುವಾಗ ಸಿಕ್ಕಿಕೊಳ್ಳುತ್ತದೆ. ಎಂದೂ ಹೊಡೆಯಬಾರದ ಎರಡನೆಯದಕ್ಕೆ ಯಾಕಿಷ್ಟು ಜತನ ಎಂದು ಆಗೀಗ ಅವನಿಗೇ ಅನ್ನಿಸುತ್ತಿತ್ತು. ಆದರೂ ಕೈ ಬಿಡುತ್ತಿರಲಿಲ್ಲ.

ಈ ಸಲ ವರ್ಷದ ಜಿಂಕೆ ಬೇಟೆಯ ಅವಧಿ ಶುರುವಾಗುವ ದಿನ ಬೆಳಿಗ್ಗೆ ಅತ್ತೆ ಹಿಲ್ಯಾ ಕಾಫಿ ಬಗ್ಗಿಸುತ್ತಾ, "ನಂಗೆ ಎಂಬತ್ತನಾಲ್ಕು. ಎರಡು ಹಲ್ಲು ಉಳಿದಿವೆ. ಜಿಂಕೆ ಮಾಂಸ ತಿನ್ಸೋದಿದ್ರೆ ಈ ವರ್ಷ ತಿನ್ಸು" ಅಂದಳು. ಎಲ್ಮರ್ ನೆಲಮಾಳಿಗೆಗೆ ಇಳಿದು ಡಬ್ಬಿ ತೆರೆದರೆ ಒಂದೇ ಗುಂಡು ಉಳಿದಿತ್ತು. ಅವನಿಗೇನೂ ಚಿಂತೆಯಾಗಲಿಲ್ಲ. ಒಂದು ಸಾಕಲ್ಲವೇ? ಅದನ್ನು ಕಟ್ಟಿ ಮುಗಿಸುವಷ್ಟರಲ್ಲಿ ಫ್ಲಾಸ್ಕ್ ಕೇಳಲು ಶಾಲೆ ಬಸ್ಸಿನ ಡ್ರೈವರ್ ರೈನೊ ಮೆಟ್ಟಿಲಿಳಿದು ಬಂದ.

"ಒಂದೇನಾ?"

"ಒಂದೇ."

"ಜಿಂಕೆಗೆ ಅರ್ಜಿ ಕೊಡೋಕೆ ಹೋಗ್ತಿದ್ದೀಯೇನೋ?"

ಅರ್ಧ ಗಂಟೆಯಲ್ಲಿ ಸುದ್ದಿ ಊರು ಸುತ್ತಿತು. ರೈನೊ ಮನೆಗೆ ಓಡಿ ಸೂಜಿಮೊನೆಯ ಗುಂಡು ತಂದ. ಕ್ಷೌರದ ಕ್ಲೈಡ್ ಗಿರಾಕಿಯನ್ನು ಅರ್ಧ ಗಡ್ಡದಲ್ಲೇ ಕೂರಿಸಿ ಬಂದು, "ಸೀಸ ಹೊಟ್ಟೆಗೆ ಒಳ್ಳೇದಲ್ಲ, ಅಪ್ಪಟ ತಾಮ್ರ ಹಾಕು" ಎಂದು ಇನ್ನೊಂದನ್ನಿಟ್ಟ. ಅಂಚೆ ಕಚೇರಿಯ ಡೊಲೊರೆಸ್ ತಂದದ್ದು ಮೂಗೇ ಇಲ್ಲದಂತೆ ಚಪ್ಪಟೆಯಾದದ್ದು.

"ಚೂಪಿಂದು ಸುಮ್ನೆ ತೂರ್ಕೊಂಡು ಹೋಗತ್ತೆ ಕಣೋ. ಇದು ಹೊಡೆದ್ರೆ ಚರ್ಚಿನ ಬಾಗ್ಲು ಮುಖಕ್ಕೆ ಬಡಿದ ಹಾಗೆ" ಅಂದಳು.

"ಆ ಚಪ್ಪಟೆ ಮೂಗು ಇವನ ಕೋವೀಲಿ ಹತ್ತಲ್ಲ ಡೊಲೊರೆಸ್."

"ನಿನ್ನ ಬಸ್ಸು ಚಳೀಲಿ ಹತ್ತತ್ತಾ ರೈನೊ?"

ಮೊದಲನೆಯದು ತನ್ನದೇ ಎಂದು ಎಲ್ಮರ್ ಹಟ ಹಿಡಿದ. ಮ್ಯಾಗಜೀನಿನ ಉಳಿದ ಮೂರು ಜಾಗಕ್ಕೆ ಅವರೇ ಚೀಟಿ ಎತ್ತುವ ಹಾಗೆ ಉದ್ದ ಗಿಡ್ಡ ಬೆಂಕಿಕಡ್ಡಿ ಎತ್ತಿದರು. ಎರಡನೆಯ ಸ್ಥಾನ ಡೊಲೊರೆಸ್‌ಗೆ ಬಂತು. ಅದು ಸಿಕ್ಕಿಕೊಳ್ಳುತ್ತದೆ ಎಂದು ಎಲ್ಮರ್‌ಗೆ ಚೆನ್ನಾಗಿ ಗೊತ್ತಿತ್ತು. ಹೊಡೆಯುವವರು ಯಾರು, ಬೇರೆಯವರ ಸಂತೋಷಕ್ಕೆ ನನ್ನ ಗಂಟೇನು ಹೋಯಿತು ಎಂದುಕೊಂಡು ಹಾಗೆಯೇ ಕಟ್ಟಿ ತುಂಬಿದ.

ಸಂಜೆ ನಾಲ್ಕಕ್ಕೆ, ದೇವದಾರುಗಳ ಜೌಗಿನಂಚಿನಲ್ಲಿ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು ಅವನ ಪೃಷ್ಠ ಮರಗಟ್ಟಿದ್ದಾಗ, ಎಂಟು ಕವಲಿನ ಕೊಂಬು ಹೊತ್ತ ಗಂಡು ಜಿಂಕೆಯೊಂದು ಮನೆಯೊಡೆಯನಂತೆ ನಡೆದು ಬಂತು. ಎಲ್ಮರ್ ಉಸಿರು ಹಿಡಿದು ಹೊಡೆದ. ಜಿಂಕೆಯ ಬೆನ್ನಿನ ಮೇಲುಗಡೆ ಬರ್ಚ್ ಮರದ ರೆಂಬೆಯೊಂದು ಮುರಿದು ಬಿತ್ತು.

ಜಿಂಕೆ ಓಡಲಿಲ್ಲ. ಸದ್ದು ಎತ್ತಲಿಂದ ಬಂತೆಂದು ತಿಳಿಯದೆ, ಪಕ್ಕೆ ತೋರಿಸಿಕೊಂಡು ನಿಂತಿತು.

ಎಲ್ಮರ್‌ನ ಬೆರಳೂ ಹಾಗೆಯೇ ನಿಂತಿತು. ಮಾವನ ಒಣಗಿದ ಕೈ ನೆನಪಾಯಿತು. ಅತ್ತೆಯ ಎರಡು ಹಲ್ಲು ನೆನಪಾದವು. ಸತ್ತವರು ಕಾಯಬಲ್ಲರು, ಹಲ್ಲು ಕಾಯುವುದಿಲ್ಲ. ಒಬ್ಬ ಮನುಷ್ಯ ಯಾರೂ ನೋಡದ ಜಾಗದಲ್ಲಿ ಹತ್ತೊಂಬತ್ತು ವರ್ಷ ಮಾತು ಉಳಿಸಿಕೊಂಡದ್ದು ಸಾಲದೇ? ಕ್ಷಮಿಸು ಮಾವ, ಎಂದುಕೊಂಡು ಟ್ರಿಗರ್ ಒತ್ತಿದ.

ಏನೂ ಆಗಲಿಲ್ಲ.

ಬಗ್ಗಿ ನೋಡಿದರೆ, ತಲೆಯ ಮೇಲೆ ಟ್ರಂಕು ಹೊತ್ತು ಬಸ್ಸು ಹತ್ತಲು ಹೋದವನ ಹಾಗೆ, ಡೊಲೊರೆಸಳ ಚಪ್ಪಟೆ ಗುಂಡು ನಳಿಗೆಯ ಬಾಗಿಲಲ್ಲೇ ಮೂಗು ಜಜ್ಜಿಕೊಂಡು ಅಡ್ಡ ನಿಂತಿತ್ತು. ಅವನು ಅದನ್ನು ಕಿತ್ತು ಜೇಬಿಗಿಳಿಸುವ ಹೊತ್ತಿಗೆ ಜಿಂಕೆ ಅವಸರವಿಲ್ಲದೆ ಮರಗಳ ಮರೆಗೆ ಹೋಯಿತು.

ಮನೆಯಲ್ಲಿ ಅಡುಗೆಮನೆಯ ಮೇಜಿನ ಸುತ್ತ ಮೂವರೂ ಕಾಯುತ್ತಿದ್ದರು.

"ಒಂದೇ ಸದ್ದು ಕೇಳಿಸ್ತು. ಬಿತ್ತಾ?" ಕ್ಲೈಡ್ ಕೇಳಿದ.

"ತಪ್ಪಿತು."

"ಓಡಿಹೋಯ್ತಾ?"

"ಇಲ್ಲ. ನಿಂತಿತ್ತು."

"ನಿಂತಿತ್ತಾ? ಮತ್ತೆ ನನ್ನ ಗುಂಡು ಯಾಕೆ ಹೊಡೀಲಿಲ್ಲ?" ಡೊಲೊರೆಸ್ ಎದ್ದೇಬಿಟ್ಟಳು.

ನಿನ್ನ ಗುಂಡು ಸಿಕ್ಕಿಕೊಂಡಿತು ಎಂದರೆ ಇನ್ನು ತನಗೆ ಕಾಗದಪತ್ರ ನೆಟ್ಟಗೆ ತಲುಪುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಬಾಯಿಗೆ ಬಂದದ್ದು ಮಾವನ ಕತೆ. ಪೂರ್ತಿ ಹೇಳಿದ, ಕೊನೆಗೆ ಟ್ರಿಗರ್ ಒತ್ತಿದ್ದೊಂದನ್ನು ಬಿಟ್ಟು.

ಕ್ಲೈಡ್ ಟೋಪಿ ತೆಗೆದ. ಡೊಲೊರೆಸ್ ಕಣ್ಣೊರೆಸಿಕೊಂಡು, "ನಾವು ಏನೇನೋ ಅಂದ್ವಲ್ಲಪ್ಪ. ಮುಂದಿನ ವರ್ಷ ನೀನು ಒಂದೇ ತೋಟಾ ತಗೊಂಡು ಹೋಗು. ಯಾರೂ ಎರಡನೇದು ಕೊಡದ ಹಾಗೆ ನಾವೇ ನೋಡ್ಕೋತೀವಿ" ಅಂದಳು.

"ಹಾಗಾದ್ರೆ ಆ ಒಂದು ಯಾರದ್ದು?" ರೈನೊ ಕೇಳಿದ.

ಆ ಜಗಳ ಅವರು ಬಾಗಿಲು ದಾಟಿ, ರಸ್ತೆಯ ತಿರುವು ದಾಟುವವರೆಗೂ ಕೇಳಿಸುತ್ತಿತ್ತು.

ಹಿಲ್ಯಾ ಅಳಿಯನ ಮುಂದೆ ದನದ ಮಾಂಸ ತುಂಬಿ ಸುಟ್ಟ ಕಡುಬಿನಂಥ ಪಾಸ್ಟಿ ಇಟ್ಟು, "ಜೇಬಲ್ಲಿರೋದು ತೆಗಿ" ಅಂದಳು.

"ಏನಿಲ್ಲ ಅತ್ತೆ."

"ತೆಗಿ ಮಗಾ."

ಅವನು ಮೂಗು ಜಜ್ಜಿದ ತೋಟಾವನ್ನು ಮೇಜಿನ ಮೇಲಿಟ್ಟ. ಅವಳು ಹೊಲಿಗೆಯ ಡಬ್ಬಿಯ ತಳದಿಂದ ಇನ್ನೊಂದನ್ನು ತೆಗೆದು ಅದರ ಪಕ್ಕ ನಿಲ್ಲಿಸಿದಳು. ಹಳೆಯದು, ಕಪ್ಪಿಟ್ಟದ್ದು. ಮೂಗು ಅದೇ ಕಡೆ, ಅದೇ ಥರ ಜಜ್ಜಿತ್ತು.

"ಒಂದ್ಸಲ ನಿನ್ನ ಮಾವನೂ ಇದೇ ಮುಖ ಹೊತ್ಕೊಂಡು ಬಂದಿದ್ರು. ಎರಡನೇದು ನಾನು ಹೊಡೆಯೋದೇ ಇಲ್ಲ ಹಿಲ್ಯಾ, ಅದು ನನ್ನ ನಿಯಮ ಅಂದ್ರು. ಕೋಟು ಒಗೆಯೋವಾಗ ಇದು ಸಿಕ್ತು. ನಾನು ಕೇಳೋಕೆ ಹೋಗ್ಲಿಲ್ಲ. ಆಮೇಲೆ ಪಾಪ, ಆ ಮಾತಿಗೆ ಕಟ್ಟುಬಿದ್ದು ಸಾಯೋವರೆಗೂ ಎರಡನೇದು ಹೊಡೆಯೋಕೆ ಅವರಿಗೆ ಆಗ್ಲೇ ಇಲ್ಲ."

ಅವಳು ಎರಡನ್ನೂ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು. ಎಲ್ಮರ್ ಪಾಸ್ಟಿ ಮುರಿದು, ಮೆತ್ತಗಿದ್ದ ಅರ್ಧವನ್ನು ಅವಳ ತಟ್ಟೆಗೆ ಹಾಕಿದ.

ಕೊಟ್ಟ ಮಾತು ಇಪ್ಪತ್ತನೆಯ ವರ್ಷವೂ ಉಳಿಯಿತು.