ಗಂಡನನ್ನು ಸಾಕ್ಷಿಯಾಗಿ ನೇಮಿಸಿದ ಆಪರೇಷನ್

ನನ್ನ ಬಲ ಅಂಡಾಶಯದ ಗಡ್ಡೆಯನ್ನು ಲ್ಯಾಪರೋಸ್ಕೋಪಿಯಲ್ಲಿ ತೆಗೆಯುವುದೆಂದು ತೀರ್ಮಾನವಾದಾಗ ನಾನು ಸ್ವಲ್ಪವೂ ಹೆದರಲಿಲ್ಲ. ಹಾಗೆಂದು ನನ್ನ ನೆನಪು. ಹೊಟ್ಟೆಗೆ ಮೂರು ಸಣ್ಣ ತೂತು, ಎರಡು ದಿನದಲ್ಲಿ ವಾಪಸ್ ಬೋಳಾರದ ಮನೆಗೆ. ಎಂ.ಎ. ಓದಿದವಳಿಗೆ ಇದೇನು ಮಹಾ!

ಒಂದೇ ಸಂಶಯ. ಎಡಗಡೆಯ ಅಂಡಾಶಯ ಹಿಂದೆಯೇ ಹೋಗಿತ್ತು. ಮಗುವಿನ ಆಸೆ ಹೋಗಿರಲಿಲ್ಲ. ಪ್ರಜ್ಞೆ ತಪ್ಪಿಸಿ ಉಳಿದ ಒಂದನ್ನೂ ತೆಗೆದುಬಿಟ್ಟರೆ? ತೆಗೆದದ್ದನ್ನು ಥಿಯೇಟರಿನ ಬಾಗಿಲಲ್ಲಿ ಮನೆಯವರಿಗೆ ತೋರಿಸುವ ಕ್ರಮವಿದೆಯಷ್ಟೆ. ಆದ್ದರಿಂದ ಗಂಡನನ್ನು ಅಧಿಕೃತ ಸಾಕ್ಷಿಯಾಗಿ ನೇಮಿಸಿದೆ.

"ಟ್ರೇಯಲ್ಲಿ ಗಡ್ಡೆ ಮಾತ್ರವಾ, ಬೇರೆ ಎಂತಾದ್ರೂ ಉಂಟಾ, ಸರಿ ನೋಡಿ."

ಎಚ್ಚರವಾದಾಗ ವಾರ್ಡಿನಲ್ಲಿದ್ದೆ, ಪಕ್ಕದಲ್ಲಿ ಗಂಡ. ವಿಪರೀತ ನೋವು ಇದ್ದದ್ದು ಭುಜದಲ್ಲಿ. ಭುಜದಲ್ಲಿ!

"ನೋಡಿದ್ರಾ?"

"ನೋಡಿದೆ ಮಾರಾಯ್ತಿ."

"ಎಷ್ಟು ದೊಡ್ಡದು?"

"ಒಂದು... ಲಿಂಬೆಯಷ್ಟು."

ಅರ್ಧ ಗಂಟೆ ಬಿಟ್ಟು ಪುನಃ ಕೇಳಿದೆ. ಮೂಸಂಬಿಯಷ್ಟಾಗಿತ್ತು. ಸಂಜೆ ಬಜಪೆಯ ನಾದಿನಿ ಫೋನ್ ಮಾಡಿದಾಗ ಸಾಕ್ಷಿ ತೆಂಗಿನಕಾಯಿಗೆ ತಲುಪಿದ್ದರು. ಅಷ್ಟು ದೊಡ್ಡದನ್ನು ತೆಗೆದ ಮೇಲೆ ಅಂಡಾಶಯ ಉಳಿದೀತೇ? ಎಲ್ಲರೂ ಸೇರಿ ಮುಚ್ಚಿಡುತ್ತಿದ್ದಾರೆ!

"ಗ್ಯಾಸ್ ಪಾಸ್ ಆಯ್ತಾ ಮೇಡಂ?" ಎಂದರು ನರ್ಸು. ವಿಷಯ ಮರೆಸುವ ತಂತ್ರ!

ಮರುದಿನ ಡಾಕ್ಟರು ರೌಂಡ್ಸಿಗೆ ಬಂದದ್ದೇ ಎದ್ದು ಕುಳಿತೆ.

"ಡಾಕ್ಟ್ರೇ, ನನ್ನ ಅಂಡಾಶಯ ಎಲ್ಲಿ? ಮತ್ತೆ ಭುಜ ಹೀಗೆ ನೋಯ್ಬೇಕಾದ್ರೆ ನನ್ನನ್ನು ಆಪರೇಷನ್ ಮೇಜಿನಿಂದ ಬೀಳಿಸಿದ್ದು ಯಾರು?"

ಡಾಕ್ಟರು ಕೈಯಲ್ಲಿದ್ದ ಫೈಲು ಮುಚ್ಚಿದರು.

"ಅಂಡಾಶಯ ಅಲ್ಲೇ ಉಂಟು ಮೇಡಂ, ತೆಗೆದದ್ದು ಗಡ್ಡೆ ಮಾತ್ರ," ಎಂದರು ಡಾಕ್ಟರು. "ಒಳಗೆ ಕಾಣ್ಲಿಕ್ಕೆ ಹೊಟ್ಟೆಗೆ ಗ್ಯಾಸ್ ತುಂಬಿಸ್ತೇವೆ. ಅದು ಸ್ವಲ್ಪ ಉಳಿದ್ರೆ ಭುಜ ನೋಯ್ತದೆ, ಒಂದೆರಡು ದಿನದಲ್ಲಿ ಕಡಿಮೆ ಆಗ್ತದೆ. ನಿನ್ನೆ ಅರಿವಳಿಕೆಯ ಮಂಪರಿನಲ್ಲಿ ನೀವು ಐದು ಸಲ ಕೇಳಿದ್ರಿ, ಐದು ಸಲವೂ ಹೇಳಿದೆ. ಪ್ರತಿ ಸಲ 'ಥ್ಯಾಂಕ್ಯೂ, ಬರೆದಿಟ್ಟುಕೊಳ್ತೇನೆ' ಅಂದ್ರಿ."

ಒಂದು ಸಲದ್ದೂ ನೆನಪಿಲ್ಲ! ಸಾಕ್ಷಿಯ ಕಡೆ ತಿರುಗಿದೆ.

"ನಾನು ಟ್ರೇ ನೋಡ್ಲೇ ಇಲ್ಲ ಮಾರಾಯ್ತಿ. ಕಣ್ಣು ಮುಚ್ಚಿ ತಲೆ ಆಡಿಸಿದ್ದು. ನೀನು ಕೇಳುವಾಗ ಎಂತಾದ್ರೂ ಹೇಳ್ಬೇಕಲ್ಲ!"

ಡಾಕ್ಟರು ಆರನೆಯ ಸಲ ಹೇಳಿದರು. ಈ ಸಲ ಅವರದೇ ಪೆನ್ನು ಕೇಳಿ ಬರೆದುಕೊಂಡೆ: "ಅಂಡಾಶಯ ಇದೆ."

ಮನೆಗೆ ಬಂದ ಮೇಲೆ ಆ ಸಾಲನ್ನು ದಿನಕ್ಕೆ ಹತ್ತು ಸಲ ಓದುತ್ತೇನೆ. ತುಂಬ ನೆಮ್ಮದಿಯಾಗುತ್ತದೆ.

ಆದರೆ ಈ ಅಕ್ಷರ ನನ್ನದೇ ಹೌದೇ?