ಕಾಫಿ ಕಣದಲ್ಲಿ ಹಿಮ್ಮಡಿ ಚಿಕಿತ್ಸೆ

ನರ್ಸ್ ಆಗಬೇಕೆಂಬ ಆಸೆ ನನಗೆ ಲಂಗ ಉಡುತ್ತಿದ್ದ ಕಾಲದ್ದು. ಹಿಮ್ಮಡಿ ನೋವು ಮೊನ್ನೆ ಮೊನ್ನೆ ಬಂದದ್ದು. ಸೀನಿಯಾರಿಟಿ ಪ್ರಕಾರ ಆಸೆಯ ಮಾತೇ ನಡೆಯಬೇಕು ಎಂದು ತೀರ್ಮಾನಿಸಿದೆ.

ಸಿದ್ದಾಪುರದ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ಕೂಲಿಯವರ ಲೈನ್ ಮನೆಗಳ ಮಕ್ಕಳನ್ನು ನೋಡಿಕೊಳ್ಳುವ ಆಯಾ ನಾನು. ನನ್ನ ಗಂಡ ಅಲ್ಲೇ ಜೀಪ್ ಡ್ರೈವರ್. ಈ ವರ್ಷ ಬಿಟ್ಟರೆ ನರ್ಸಿಂಗ್ ಸೇರುವ ವಯಸ್ಸೇ ಮೀರುತ್ತದೆ. ಧೈರ್ಯ ಮಾಡಿ, ನರ್ಸಿಂಗ್ ತರಬೇತಿ ಕೊಡುವ ಪೇಟೆಯ ಆಸ್ಪತ್ರೆಯ ಮೇಟ್ರನ್‌ಗೆ ಫೋನ್ ಮಾಡಿದೆ.

"ಒಂದು ದಿನ ವಾರ್ಡಿನಲ್ಲಿ ನಮ್ಮ ಜೊತೆ ಇದ್ದು ನೋಡಮ್ಮ. ಇಡೀ ದಿನ ನಿಂತೇ ಇರಬೇಕು. ಕಾಲು ಗಟ್ಟಿ ಇದ್ಯಾ?"

"ಕಲ್ಲಿನ ಹಾಗಿದೆ ಮೇಡಂ," ಅಂದೆ, ಕಾಲನ್ನು ಸ್ಟೂಲಿನ ಮೇಲೆ ಚಾಚಿಕೊಂಡು.

ಗಂಡನಿಗೆ ತಡೆಯಲಾಗಲಿಲ್ಲ. "ರೊಟ್ಟಿ ತಟ್ಟೋಕೂ ಕೂತ್ಕೊಳ್ಳೋಳು ನೀನು. ಮೊದಲು ಡಾಕ್ಟರಿಗೆ ತೋರಿಸು."

"ಡಾಕ್ಟರು ರೆಸ್ಟ್ ತಗೋ ಅಂದ್ರೆ ನನ್ನ ಸೀಟು ಹೋಯ್ತು, ಸುಮ್ನಿರಿ."

ಪಕ್ಕದ ಮನೆಯ ದೇವಕ್ಕ ಮದ್ದು ಹೇಳಿದರು: ಇಟ್ಟಿಗೆ ಬಿಸಿ ಮಾಡಿ, ಮೇಲೆ ಎಕ್ಕದ ಎಲೆ ಹಾಸಿ, ಹಿಮ್ಮಡಿಗೆ ಹದವಾಗಿ ಶಾಖ ಕೊಡಬೇಕು. ನಾನು ಭಾವೀ ನರ್ಸ್. ಒಂದು ಇಟ್ಟಿಗೆಯಲ್ಲಿ ಏನಾದೀತು? ಎದುರಿಗೆ ಅಷ್ಟು ದೊಡ್ಡ ಸಿಮೆಂಟ್ ಕಣ ಕಾದು ಬಿದ್ದಿದೆ, ಮೇಲೆ ಕಾಫಿ ಒಣಗುತ್ತಿದೆ. ಕಣಕ್ಕೆ ಚಪ್ಪಲಿಯಲ್ಲಿ ಇಳಿಯುವಂತಿಲ್ಲ, ಇನ್ನೂ ಒಳ್ಳೆಯದೇ ಆಯಿತು. ನಡು ಮಧ್ಯಾಹ್ನ ಬರಿಗಾಲಲ್ಲಿ ಇಳಿದು, ಕಾಲಿನಿಂದಲೇ ಕಾಫಿ ತಿರುವುತ್ತಾ ಆ ತುದಿಯಿಂದ ಈ ತುದಿಗೆ ಓಡಾಡಿದೆ.

ಹಿಮ್ಮಡಿ ನೋವು ನಿಜಕ್ಕೂ ಗೊತ್ತಾಗಲಿಲ್ಲ. ಇಡೀ ಪಾದ ಉರಿಯುವಾಗ ಹಿಮ್ಮಡಿಯ ದೂರು ಕೇಳುವವರು ಯಾರು?

ಸಂಜೆಗೆ ಎರಡೂ ಪಾದದಲ್ಲಿ ಬೊಬ್ಬೆ. ಗಂಡನಿಗೆ ಹೇಳಲಿಲ್ಲ. ಮರುದಿನವೇ ಮೇಟ್ರನ್ ಕರೆದಿದ್ದ ದಿನ. ಲೋಳೆಸರ ಮೆತ್ತಿ, ಎರಡೆರಡು ಸಾಕ್ಸ್ ಏರಿಸಿ, ಶೂ ಒಳಗೆ ಕಾಲು ತುರುಕಿ ವಾರ್ಡಿಗೆ ಹೋದೆ.

ಹಿಮ್ಮಡಿ ಊರಿದರೆ ಹಳೇ ನೋವು, ಬೆರಳು ಊರಿದರೆ ಹೊಸ ನೋವು. ಸಿಸ್ಟರ್ ಡ್ರಿಪ್ ಸ್ಟ್ಯಾಂಡ್ ತರಲು ಹೇಳಿದರು. ಆಧಾರ ಸಿಕ್ಕಿತಲ್ಲ ಎಂದು ಪೂರ್ತಿ ಭಾರ ಹಾಕಿದೆ. ಅದಕ್ಕೆ ಚಕ್ರ ಇತ್ತು! ಸ್ಟ್ಯಾಂಡ್ ಮುಂದೆ, ನಾನು ಹಿಂದೆ, ಸೀದಾ ಒಬ್ಬ ಅಜ್ಜಿಯ ಮಂಚದ ತುದಿಗೆ ಹೋಗಿ ಕುಸಿದು ಕೂತೆ. ಶೂ ಕಳಚಿ ಬಿತ್ತು, ಒಡೆದ ಬೊಬ್ಬೆಯ ನೀರಿಗೆ ಸಾಕ್ಸ್ ಒದ್ದೆಯಾಗಿತ್ತು.

ಅಜ್ಜಿ ತಮ್ಮ ಕಾಲು ಮಡಚಿ ಜಾಗ ಮಾಡಿದರು. "ಸಿಸ್ಟರ್, ಮೊದ್ಲು ಈ ಹುಡುಗಿನ ನೋಡಿ. ನಂದೇನೂ ಅವಸರ ಇಲ್ಲ."

ಮೇಟ್ರನ್ ಬಂದು ಪಾದ ನೋಡಿದರು. "ಕಲ್ಲಿನ ಹಾಗಿದೆ ಅಂದಿದ್ಯಲ್ಲಮ್ಮ?"

ಅಳು ಬಂತು. ಎಲ್ಲ ಬಾಯಿಬಿಟ್ಟೆ. ಅವರು ತಮ್ಮ ಶೂ ಕಳಚಿ ಒಳಗಿನ ದಪ್ಪ ಮೆತ್ತೆ ತೋರಿಸಿದರು. "ನನಗೂ ಹಿಮ್ಮಡಿ ನೋವಿದೆ ಕಣಮ್ಮ. ಇಲ್ಲಿ ಸುಮಾರು ಜನಕ್ಕಿದೆ. ಡಾಕ್ಟರಿಗೆ ತೋರಿಸಿ, ಹೇಳಿದ ವ್ಯಾಯಾಮ ಮಾಡಿ, ಸರಿಯಾದ ಶೂ ಹಾಕ್ಕೊಂಡು ನಡೆಸ್ತಿದೀವಿ. ಫೋನಲ್ಲಿ ನಿಜ ಹೇಳಿದ್ರೆ ಅವತ್ತೇ ಹೇಳ್ತಿದ್ದೆ."

"ಹಾಗಾದ್ರೆ ನನ್ನ ಸೀಟು, ಮೇಡಂ?"

"ಮೊದ್ಲು ಗಾಯ ಆರಲಿ. ಮೂಳೆ ಡಾಕ್ಟರ್ ಏನಂತಾರೋ ಕೇಳ್ಕೊಂಡು ಬಾ, ಇನ್ನೊಂದು ದಿನ ನಿಂತು ತೋರಿಸುವೆಯಂತೆ."

ಡ್ಯೂಟಿ ಮುಗಿಸಿ ಬರುವ ಹೆಂಡತಿಗಾಗಿ ಗೇಟಿನಲ್ಲಿ ಜೀಪ್ ನಿಲ್ಲಿಸಿದ್ದ ಗಂಡನ ಮುಂದೆ ವೀಲ್‌ಚೇರಿನಲ್ಲಿ ಹಾಜರಾದೆ. "ದಿನಾ ಪಟ್ಟಿ ಬದಲಾಯಿಸಿ, ನಡೆಯೋಕೆ ಬಿಡಬೇಡಿ," ಎಂದು ಸಿಸ್ಟರ್ ನನ್ನ ಗಂಡನಿಗೇ ಹೇಳಿದರು.

ಅಂತೂ ನಮ್ಮ ಮನೆಗೆ ಒಬ್ಬ ನರ್ಸ್ ಸಿಕ್ಕಿದ್ದಾರೆ. ಪಟ್ಟಿ ಕಟ್ಟುತ್ತಾರೆ, ಗದರುತ್ತಾರೆ, ನಿಂತುಕೊಂಡೇ ರೊಟ್ಟಿ ತಟ್ಟುತ್ತಾರೆ. ಅವರ ಕಾಲು ನಿಜವಾಗಿಯೂ ಗಟ್ಟಿ.