ನೆರಳಿನ ಜೊತೆ ಸರಿದ ದಾರ

ನನ್ನ ಬಗ್ಗೆ ಒಂದು ವಿಷಯವನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಯಾವುದರ ಮುಂದೆ ಕೂತರೂ ಸ್ವಲ್ಪ ಹೊತ್ತಿಗೆ ನನ್ನ ಮನಸ್ಸು ಎದ್ದು ಎಲ್ಲಿಗೋ ಹೋಗಿಬಿಡುತ್ತದೆ. ಊಟಕ್ಕೆ ಕೂತರೆ ತುತ್ತು ಕೈಯಲ್ಲೇ ಉಳಿಯುತ್ತದೆ. ಕೊಟ್ಟೂರಿನ ಹೈಸ್ಕೂಲೊಂದರಲ್ಲಿ ಗಣಿತ ಹೇಳುವ ನಾನು, ಬೋರ್ಡಿನ ಮೇಲೆ ಎರಡು ಸಮಾಂತರ ರೇಖೆ ಎಳೆದು, ಇವು ಗೋಡೆ ದಾಟಿ, ರೈಲು ಹಳಿ ದಾಟಿ, ಹೀಗೇ ಹೋಗುತ್ತಾ ಹೋಗುತ್ತಾ ಎಲ್ಲಿ ಮುಟ್ಟಬಹುದು ಎಂದು ಯೋಚಿಸುತ್ತ ನಿಂತು, ಮಕ್ಕಳು ಸಾಮೂಹಿಕವಾಗಿ ಕೆಮ್ಮಿದ ಮೇಲೆ ಎಚ್ಚರಗೊಂಡದ್ದುಂಟು. ಇದರಿಂದ ಯಾರಿಗೂ ಅಪಾಯವಿರಲಿಲ್ಲ. ಆಮೇಲೆ ನಾನು ಕಾರು ಕೊಂಡೆ.

ಕಾರೇನೂ ಹೊಸದಲ್ಲ. ಹಡಗಲಿಯ ಡಾಕ್ಟರೊಬ್ಬರು ಎಂಟು ವರ್ಷ ಓಡಿಸಿ ಕೊಟ್ಟದ್ದು. ಮನೆಗೆ ಬಂದ ವಾರದಲ್ಲೇ ನಾನು ಅದರ ಐಬು ಕಂಡುಹಿಡಿದೆ. ಅದು ಎಡಕ್ಕೆ ಎಳೆಯುತ್ತದೆ. ಹರಪನಹಳ್ಳಿ ರಸ್ತೆಯಲ್ಲಿ ಹೋಗುತ್ತಿದ್ದೇನೆ ಎನ್ನಿ. ಎಡಕ್ಕೆ ಮೆಕ್ಕೆಜೋಳದ ಹೊಲ, ಹೊಲದ ಮೇಲೆ ಒಂದು ಮೋಡದ ನೆರಳು. ಆ ನೆರಳಿಗೆ ಯಾವ ಅವಸರವೂ ಇಲ್ಲ. ಸಾಲು ಸಾಲನ್ನೇ ಮಬ್ಬುಗೊಳಿಸುತ್ತ ಬದುವಿನ ಜಾಲಿ ಮರದ ತನಕ ಹೋಗಿ, ಮರ ಹತ್ತಿ, ಆ ಕಡೆ ಇಳಿಯುತ್ತದೆ. ಅದನ್ನು ಒಂದೇ ಒಂದು ಕ್ಷಣ ನೋಡಿ ತಿರುಗುವಷ್ಟರಲ್ಲಿ ಎಡಗಾಲಿ ಡಾಂಬರು ಬಿಟ್ಟು ಮಣ್ಣಿಗೆ ಇಳಿದಿರುತ್ತದೆ. ಕುರಿ ಹಿಂಡು ಕಂಡಾಗಲೂ ಹೀಗೆಯೇ. ಕೂಡ್ಲಿಗಿ ದಾಟಿ ಗುಡೇಕೋಟೆಯ ಗುಡ್ಡಗಳು ಶುರುವಾದರಂತೂ ಕೇಳಲೇಬೇಡಿ. ಬಲಕ್ಕೆ ಎಂದೂ ಎಳೆದದ್ದಿಲ್ಲ. ಆ ಕಡೆಯಿಂದ ಲಾರಿಗಳು ಬರುತ್ತವೆ, ಅತ್ತ ನೋಡುತ್ತ ಕೂರುವ ಧೈರ್ಯ ನನಗಿಲ್ಲ.

ನನ್ನ ಹೆಂಡತಿ ಗಿರಿಜಾ ಮೂರು ತಿಂಗಳ ಹಿಂದೆ ಡ್ರೈವಿಂಗ್ ಕಲಿತು ಲೈಸೆನ್ಸ್ ತೆಗೆದುಕೊಂಡಳು. ಮೊದಲನೇ ಸಲಕ್ಕೇ ಪಾಸು. ನಾನು ಎಷ್ಟನೇ ಸಲಕ್ಕೆ ಎಂಬುದು ಇಲ್ಲಿ ಅಪ್ರಸ್ತುತ. ಅಂದಿನಿಂದ ಕಾರಿನ ಕೀಲಿಯ ಮೇಲೆ ಅವಳ ಕಣ್ಣು. ಕೇಳಿದಾಗಲೆಲ್ಲ ನಾನು, "ಈ ಗಾಡಿ ಎಡಕ್ಕ ಎಳಿತೈತಿ, ನಿನಗ ಹಿಡಿಯಾಕ ಆಗಂಗಿಲ್ಲ. ಅದಕ್ಕ ನನ್ನ ಕೈನ ಬೇಕು" ಎನ್ನುತ್ತಿದ್ದೆ. ನಿಜ ಹೇಳುತ್ತೇನೆ, ಡ್ರೈವರ್ ಸೀಟೆಂದರೆ ನನಗೆ ಪ್ರಾಣ. ಮನೆಯಲ್ಲಾಗಲಿ ಶಾಲೆಯಲ್ಲಾಗಲಿ ನಾನು ತಿರುಗಿಸಿದ ಕಡೆ ತಿರುಗುವ ವಸ್ತು ಅದೊಂದೇ. ಐಬು ಇರುವತನಕ ಸೀಟು ನನ್ನದು.

ಒಂದು ದಿನ ಗಿರಿಜಾ ರೊಟ್ಟಿ ಬಡಿಯುತ್ತಲೇ ಹೇಳಿದಳು: "ಸೋಮವಾರ ನಿಮಗ ರಜಾ ಐತಲ್ರಿ, ಹರಪನಹಳ್ಳಿಗೆ ಅಕ್ಕನ ಮನಿಗೆ ಹೋಗೂಣು. ಅಲ್ಲೆ ಗಾಲಿ ಅಲೈನ್‌ಮೆಂಟ್ ಮಷಿನ್ ಐತಂತ, ತೋರಿಸಿಬಿಡೂಣು. ಗಾಡೀದು ತಪ್ಪಿದ್ರ ಸರಿ ಆಕ್ಕೈತಿ. ಇಲ್ಲಂದ್ರ ತಪ್ಪು ಯಾರ್ದು ಅಂತ ಗೊತ್ತಾಕ್ಕೈತಿ."

ಮನುಷ್ಯರಿಗಾದರೆ ಏನಾದರೂ ಹೇಳಿ ಒಪ್ಪಿಸಬಹುದು, ಮಷಿನ್ನಿಗೆ ದಾಕ್ಷಿಣ್ಯವೆಂಬುದಿಲ್ಲ. "ಅಷ್ಟಕ್ಕ ಮಷಿನ್ ಯಾಕ? ಎರಡು ದಾರ, ಒಂದು ಸ್ಕೇಲು ಇದ್ರ ಸಾಕು. ಎಲ್ಲಾ ಗಣಿತಾನ. ಭಾನುವಾರ ಮನ್ಯಾಗ ನಾನ ಮಾಡ್ತೀನಿ" ಎಂದೆ. ಅವಳು "ನೀವಾ?" ಎಂದಳು. ಆ ಎರಡಕ್ಷರಕ್ಕೆ ಇಡೀ ಭಾನುವಾರ ಉತ್ತರ ಕೊಡಬೇಕಾಯಿತು.

ವಿಧಾನ ಸುಲಭ. ಕಾರಿನ ಎರಡೂ ಬದಿಗೆ, ಗಾಲಿಯ ನಡುಮಟ್ಟದಲ್ಲಿ, ಸಮಾಂತರವಾಗಿ ಒಂದೊಂದು ದಾರ ಬಿಗಿಯಬೇಕು. ಮುಂದಿನ ಗಾಲಿಯ ರಿಮ್ಮಿನ ಎರಡು ಅಂಚುಗಳಿಂದ ದಾರಕ್ಕೆ ಎಷ್ಟು ದೂರ ಎಂದು ಅಳೆಯಬೇಕು. ಎರಡೂ ಒಂದೇ ಇದ್ದರೆ ಗಾಲಿ ನೆಟ್ಟಗಿದೆ. ವ್ಯತ್ಯಾಸವಿದ್ದರೆ ಗಾಲಿಗೆ ಜೋಡಿಸಿದ ಒಳಗಿನ ರಾಡನ್ನು ಅಷ್ಟು ತಿರುಗಿಸಬೇಕು. ಬೆಳಿಗ್ಗೆ ತಿಂಡಿ ಮುಗಿಸಿ ಅಂಗಳಕ್ಕೆ ಇಳಿದೆ. ದಾರದ ನಾಲ್ಕು ತುದಿಗೆ ನಾಲ್ಕು ಆಧಾರ ಬೇಕಿತ್ತು, ಮನೆಯಲ್ಲಿದ್ದ ಗಟ್ಟಿ ಕುರ್ಚಿ ಮೂರೇ. ಬೇವಿನ ಮರದ ಕೆಳಗೆ, ಪಕ್ಕದ ಮನೆಯ ಕೊಟ್ರವ್ವಜ್ಜಿ ಹೊರಸಿನ, ಅಂದರೆ ಹಗ್ಗದ ಮಂಚದ, ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು.

"ಅಜ್ಜಿ, ನಿನ್ನ ಹೊರಸಿನ ಕಾಲಿಗೆ ಒಂದು ದಾರ ಕಟ್ಲೇನಬೇ?"

"ಕಟ್ಟಪ ಮಾಸ್ತರ. ಹೊರಸೇನು ಬ್ಯಾಡ ಅಂತೈತೇನು?"

ಕಟ್ಟಿದೆ. ಅಳೆದೆ. ಎಡಗಾಲಿ, ಬಲಗಾಲಿ, ಹಿಂದಿನಂಚು, ಮುಂದಿನಂಚು, ಎಲ್ಲ ಕೂದಲೆಳೆಯಷ್ಟೂ ತಪ್ಪಿಲ್ಲ. ನನಗಾದ ದುಃಖ ಅಷ್ಟಿಷ್ಟಲ್ಲ. ಒಳಗೇನಾದರೂ ಸಡಿಲವಾಗಿರಬಹುದೆಂಬ ಆಸೆಯಿಂದ ಚಾಪೆ ಹಾಸಿಕೊಂಡು ಕಾರಿನ ಕೆಳಗೆ ತೂರಿದೆ. ಆ ಜಾಗದ ಸುಖ ನನಗೆ ಗೊತ್ತೇ ಇರಲಿಲ್ಲ. ತಣ್ಣನೆಯ ನೆಲ, ಹಳೆಯ ಎಣ್ಣೆಯ ವಾಸನೆ. ಗಾಲಿಗಳ ಸಂದಿಯಲ್ಲಿ ಅಂಗಳ ಒಂದು ಸಣ್ಣ ಊರಾಗಿ ಕಾಣುತ್ತಿತ್ತು. ಬೇವಿನ ಎಲೆಯ ಬಿಸಿಲು ಚುಕ್ಕೆ ಚುಕ್ಕೆಯಾಗಿ ಅಲ್ಲಾಡುತ್ತಿತ್ತು, ಇರುವೆಯೊಂದು ಹುಣಸೆ ಸಿಪ್ಪೆ ಹೊತ್ತು ನನ್ನ ಕಿವಿಯ ಪಕ್ಕದಲ್ಲೇ ದೂರದ ಪ್ರಯಾಣ ಹೊರಟಿತ್ತು. ಬೀಜ ಬುಟ್ಟಿಗೆ ಬೀಳುವ ಟಕ್ ಟಕ್ ಸದ್ದು ಬರಬರುತ್ತ ಕ್ಷೀಣಿಸಿತು. ಅದರ ಹಿಂದೆ ನಾನೂ ಹೋದೆ.

ಎಚ್ಚರವಾದಾಗ ಬಿಸಿಲು ನೆತ್ತಿಗೆ ಬಂದಿತ್ತು. ಹೊರಗೆ ಬಂದು, ಸುಮ್ಮನೆ ಇನ್ನೊಮ್ಮೆ ಅಳೆದೆ. ಎಡಗಾಲಿಯಲ್ಲಿ ಒಂದು ಸೆಂಟಿಮೀಟರಿನಷ್ಟು ವ್ಯತ್ಯಾಸ! ಉತ್ತರ ಬದಲಾದರೆ ಪ್ರಶ್ನೆಯನ್ನು ಮತ್ತೆ ಓದಿ ಎಂದು ಮಕ್ಕಳಿಗೆ ವರ್ಷಗಟ್ಟಲೆ ಹೇಳಿದ ನಾನು, ಆಗ ಏನನ್ನೂ ಓದಲಿಲ್ಲ. "ಗಿರಿಜಾ, ಸಿಕ್ತು! ಗಾಡೀದ ತಪ್ಪು!" ಎಂದು ಕೂಗಿ, ಪಾನಾ ಹಿಡಿದು ಎಡಗಡೆಯ ರಾಡನ್ನು ಅಳತೆ ಸರಿಯಾಗುವತನಕ ತಿರುಗಿಸಿ ನಟ್ಟು ಬಿಗಿದೆ. ಅವಳು ಬಾಗಿಲಿಗೆ ಬಂದು ನೋಡಿ, "ಛಲೋ ಆತು ಬಿಡ್ರಿ" ಎಂದು ಒಳಗೆ ಹೋದಳು. ನಾನು ಎದೆಯುಬ್ಬಿಸಿ ಕೈ ಒರೆಸಿಕೊಳ್ಳುತ್ತಿದ್ದೆ. ಆಗ ಕೊಟ್ರವ್ವಜ್ಜಿ ಎದ್ದಳು. ಬುಟ್ಟಿ ಕೆಳಗಿಟ್ಟು, ಹೊರಸನ್ನು ದರದರ ಎಳೆದು ಒಂದು ಗೇಣು ಆಚೆ ಹಾಕಿದಳು. ನನ್ನ ದಾರವೂ ಅದರೊಂದಿಗೆ ಹೋಯಿತು.

"ಅಜ್ಜಿ, ಆಗ್ಲೂ ಸರಿಸಿದ್ಯೇನು?"

"ಬಿಸಲ ಬಂದ್ರ ಸರಸಲಾರದ ಏನ್ ಮಾಡ್ಲಿ? ನೀ ಮಲಗಿದ್ದಿ, ಎಬ್ಬಿಸಲಿಲ್ಲ. ದಾರ ಸಡ್ಲಾಗಿತ್ತು, ನಾನ ಜಗ್ಗಿ ಕಟ್ಟೀನಿ ನೋಡು" ಎಂದಳು, ದೊಡ್ಡ ಉಪಕಾರ ಮಾಡಿದ ಸಮಾಧಾನದಲ್ಲಿ.

ನಮ್ಮ ಕಡೆ ಹೊರಸು ಒಂದು ಕಡೆ ನಿಲ್ಲುವ ವಸ್ತುವಲ್ಲ. ಬೆಳಿಗ್ಗೆ ಮರದ ಪಡುವಣಕ್ಕಿದ್ದದ್ದು ಸಂಜೆಗೆ ಮೂಡಣಕ್ಕಿರುತ್ತದೆ, ನೆರಳು ಕರೆದಲ್ಲಿಗೆ ಹೋಗುತ್ತದೆ. ಇದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ಆದರೂ ನಾನು ಕಾರಿನ ಗಾಲಿಯನ್ನು ಸೂರ್ಯನಿಗೆ ಹೊಂದಿಸಿ ಕೂತಿದ್ದೆ. ವಾಪಸು ತಿರುಗಿಸೋಣವೆಂದರೆ ಎಷ್ಟು ಸುತ್ತು ತಿರುಗಿಸಿದ್ದೆ ಎಂಬುದೇ ನೆನಪಿಲ್ಲ. ಗಿರಿಜಾ ಮತ್ತೆ ಹೊರಗೆ ಬರುವ ಮೊದಲೇ ದಾರ ಸುತ್ತಿ ಜೇಬಿಗೆ ಹಾಕಿಕೊಂಡೆ.

ಸೋಮವಾರ ಹೊರಟೆವು. ಊರು ದಾಟುತ್ತಲೇ ಕಾರು ಬಲಕ್ಕೆ ಎಳೆಯತೊಡಗಿತು. ಮೋಡವಿಲ್ಲ, ಕುರಿಯಿಲ್ಲ, ನಾನು ಜೀವಮಾನದಲ್ಲೇ ಮೊದಲ ಸಲ ರಸ್ತೆಯನ್ನು ಮಾತ್ರ ನೋಡುತ್ತಿದ್ದೆ, ಆದರೂ ಬಲಕ್ಕೆ. ಎದುರಿನ ಬಸ್ಸಿನ ಡ್ರೈವರು ಕಿಟಕಿಯಿಂದ ತಲೆ ಹೊರಹಾಕಿ ನಮ್ಮ ಮನೆತನದ ಬಗ್ಗೆ ಏನೋ ವಿಚಾರಿಸಿದ. ಗಿರಿಜಾ ಡ್ಯಾಶ್‌ಬೋರ್ಡು ಹಿಡಿದುಕೊಂಡು, "ಅಕ್ಕನ ಮನಿ ಆಮ್ಯಾಲೆ. ಮೊದಲ ಮಷಿನ್ ಕಡಿಗೆ ನಡೀರಿ" ಎಂದಳು.

ಹರಪನಹಳ್ಳಿಯ ಆ ಅಂಗಡಿಯಲ್ಲಿ ನರೆತ ಮೀಸೆಯ ಮೆಕ್ಯಾನಿಕ್ ಒಬ್ಬರಿದ್ದರು. ಗಾಲಿಗಳಿಗೆ ಮಷಿನ್ನಿನ ತಟ್ಟೆಗಳನ್ನು ಸಿಕ್ಕಿಸಿ, ಕೆಳಗಿಳಿದು ಟಾರ್ಚು ಬಿಟ್ಟು ನೋಡಿದರು. "ಸಾರ್, ಈ ರಾಡು ಯಾರೋ ಈಗ ತಿರುಗಿಸ್ಯಾರೆ. ಹಳೇ ತುಕ್ಕಿನ ಗುರುತು ಇಲ್ಲೇ ಐತೆ ನೋಡ್ರಿ" ಎಂದರು. ನಾನು ನೋಡಲಿಲ್ಲ, ಗಿರಿಜಾ ಬಗ್ಗಿ ನೋಡಿದಳು. ಅವರು ರಾಡನ್ನು ಆ ಗುರುತಿಗೆ ವಾಪಸು ತಂದರು. ಪರದೆಯ ಮೇಲಿನ ಕೆಂಪು ಅಂಕಿಗಳೆಲ್ಲ ಹಸಿರಾದವು.

"ಮೊದಲಿದ್ದಂಗೆ ಇಟ್ಟೆ, ಅಷ್ಟೇ. ಗಾಡಿ ಮೊದ್ಲಿಂದ್ಲೂ ನೆಟ್ಟಗೇ ಇತ್ತು ಸಾರ್. ಸುಮ್ನೆ ಮುಟ್ಟೀರಿ."

ಗಿರಿಜಾ ನಗಲಿಲ್ಲ. ನಕ್ಕಿದ್ದರೆ ಜಗಳವಾಡಬಹುದಿತ್ತು. ಸುಮ್ಮನೆ ಕೈ ಚಾಚಿದಳು, ನಾನು ಕೀಲಿ ಇಟ್ಟೆ. ಅವಳು ನನ್ನ ಸೀಟನ್ನು ಮುಂದಕ್ಕೆ ಸರಿಸಿಕೊಂಡು, ಕನ್ನಡಿ ತಿರುಗಿಸಿಕೊಂಡು ಕೂತಳು. ನನಗೆ ನಿಜಕ್ಕೂ ಅಳು ಬರುವಂತಾಗಿ ಬಲಬಾಗಿಲ ಬಳಿಯೇ ನಿಂತಿದ್ದೆ.

"ನಿಂತ್ರ್ಯಾಕ? ಎಡಗಡಿಗೆ ಬಂದು ಕುಂದರ್ರಿ" ಎಂದಳು. "ಇಷ್ಟು ದಿನ ನೀವು ಹೊಂಟಿದ್ದು ಆ ಕಡಿಗೇ ಅಲ್ಲೇನು?"

ಸುತ್ತು ಹಾಕಿ ಹೋಗಿ ಕೂತೆ. ಅವಳು ಬೆಲ್ಟ್ ಹಾಕ್ಕೋರಿ ಎನ್ನುವಷ್ಟರಲ್ಲಿ ನಾನಾಗಲೇ ಕಿಟಕಿ ದಾಟಿ ಊರಾಚೆಯ ಹೊಲದಲ್ಲಿದ್ದೆ.